ನೆಟ್‌ಫ್ಲಿಕ್ಸ್: ರಜೆಯ ಧಾರಾವಾಹಿಗೆ ಒಳ್ಳೆಯದೇ, ಸೆಟ್ಟಿಂಗ್ ಬದಲಿಸಿದ ಮೇಲೆ

ನಾಲ್ಕೈದು ದಿನ ರಜೆ ಸಿಕ್ಕಿದರೆ ಒಂದು ಧಾರಾವಾಹಿಯನ್ನು ಪೂರ್ತಿ ಮುಗಿಸಬೇಕು, ಅದೂ ಮೆಚ್ಚಿನ ನಟ ನಟಿಯರದ್ದೇ ಆಗಬೇಕು ಎನ್ನುವವರಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಸರಕಿಗೆ ಬರವಿಲ್ಲ. ತೊಂದರೆ ಇರುವುದು ಅದು ಕೈಗೆ ಬರುವ ಸ್ಥಿತಿಯಲ್ಲಿ. ಆ್ಯಪ್ ಹಾಕಿಕೊಂಡ ದಿನ ಹೇಗಿತ್ತೋ ಹಾಗೇ ಬಿಟ್ಟರೆ ಅದು ನಿಮ್ಮನ್ನು ಮುಂದಿನ ಕಂತಿಗೆ ತಳ್ಳುವುದರಲ್ಲಿ ಮಹಾ ಜಾಣ. ತೆರೆಯ ಮೇಲಿರುವ ನಟನ ಕಣ್ಣು, ಉಸಿರು, ಮೌನ ನಿಮಗೆ ಮುಟ್ಟುತ್ತಿದೆಯೇ ಎಂಬುದರ ಬಗ್ಗೆ ಅದಕ್ಕೆ ಅಷ್ಟೇನೂ ಚಿಂತೆಯಿಲ್ಲ. ಈ ತಪ್ಪಿನಲ್ಲಿ ಅರ್ಧ ಪಾಲು ಟಿವಿ ತಯಾರಕರದ್ದೂ ಹೌದು. ಈ ವಿಮರ್ಶೆ ಧಾರಾವಾಹಿ ನೋಡುವವರ ಕಣ್ಣಿನಿಂದ ಮಾತ್ರ. ಲೈವ್ ಕಾರ್ಯಕ್ರಮ, ಗೇಮ್ ಇತ್ಯಾದಿಗಳಿಗೆ ಇಲ್ಲಿ ಜಾಗವಿಲ್ಲ.

ಮೊದಲು ಗಂಟೆಗಳ ಲೆಕ್ಕ

ಎಷ್ಟು ಕಂತು ಎಂದು ನೋಡಿ ಧಾರಾವಾಹಿ ಆರಿಸುವುದು ಸಾಮಾನ್ಯ ತಪ್ಪು. ನೋಡಬೇಕಾದದ್ದು ಒಟ್ಟು ಗಂಟೆ. ಒಂದು ಸಾಮಾನ್ಯ ಕೊರಿಯನ್ ಧಾರಾವಾಹಿಗೆ 16 ಕಂತು, ಪ್ರತಿ ಕಂತಿಗೆ 60ರಿಂದ 80 ನಿಮಿಷ. ಅಂದರೆ 16ರಿಂದ 21 ಗಂಟೆ. ಇತ್ತೀಚಿನವು 12 ಕಂತಿಗೆ ಇಳಿದಿರುವುದು ರಜೆಯವರಿಗೆ ಅನುಕೂಲ. ಬ್ರಯಾನ್ ಕ್ರ್ಯಾನ್‌ಸ್ಟನ್ ಅವರ 'ಬ್ರೇಕಿಂಗ್ ಬ್ಯಾಡ್' (2008–2013) 62 ಕಂತು, ಕಂತಿಗೆ ಸರಾಸರಿ 47 ನಿಮಿಷ ಹಿಡಿದರೂ 48 ಗಂಟೆ ದಾಟುತ್ತದೆ. ದಿನಕ್ಕೆ 5 ಗಂಟೆಯಂತೆ ಕೂತರೂ ಹತ್ತು ದಿನ ಬೇಕು. ಇನ್ನೊಂದು ತುದಿಯಲ್ಲಿ 2025ರ 'ಅಡೊಲೆಸೆನ್ಸ್' ಇದೆ. ನಾಲ್ಕೇ ಕಂತು, ಒಂದು ಸಂಜೆಯ ಕೆಲಸ. ಅದರ ಪ್ರತಿ ಕಂತೂ ಮಧ್ಯೆ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರೀಕರಣಗೊಂಡಿದ್ದು. ಸ್ಟೀಫನ್ ಗ್ರಹಾಂ ಮತ್ತು ಹುಡುಗ ಓವನ್ ಕೂಪರ್ ಒಂದು ಗಂಟೆಯ ಹತ್ತಿರ ಹತ್ತಿರ ಉಸಿರು ಬಿಡದೆ ಅಭಿನಯಿಸುತ್ತಾರೆ. ಅದನ್ನು ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡುವುದಾದರೆ ನೋಡದಿರುವುದೇ ಮೇಲು.

ವೇಗ ಹೆಚ್ಚಿಸಿದರಾಯಿತಲ್ಲ ಎನ್ನುವವರಿದ್ದಾರೆ. ಫೋನ್ ಮತ್ತು ಬ್ರೌಸರ್‌ನಲ್ಲಿ 0.5ರಿಂದ 1.5 ಪಟ್ಟಿನವರೆಗೆ ವೇಗ ಬದಲಿಸಬಹುದು. 20 ಗಂಟೆಯ ಧಾರಾವಾಹಿ 1.25ಕ್ಕೆ 16 ಗಂಟೆ, 1.5ಕ್ಕೆ 13 ಗಂಟೆ 20 ನಿಮಿಷ. ಸ್ವರ ಕೀರಲಾಗದಂತೆ ಆ್ಯಪ್ ನೋಡಿಕೊಳ್ಳುತ್ತದೆ, ಮಾತು ಅರ್ಥವಾಗುತ್ತದೆ. ಹೋಗುವುದು ಮಾತಿನ ನಡುವಿನ ಬಿಡುವು. ಉತ್ತರ ಕೊಡುವ ಮುಂಚೆ ನಟಿ 2 ಸೆಕೆಂಡು ಸುಮ್ಮನಿದ್ದರೆ, 1.5 ವೇಗದಲ್ಲಿ ಅದು 1.3 ಸೆಕೆಂಡಿಗೆ ಇಳಿದು ಹಿಂಜರಿಕೆ ಹೋಗಿ ಆತುರ ಕಾಣಿಸುತ್ತದೆ. ಕಥೆ ತಿಳಿದರೆ ಸಾಕು ಎಂಬ ಧಾರಾವಾಹಿಗೆ ವೇಗ ಹೆಚ್ಚಿಸಿಕೊಳ್ಳಿ, ಅಡ್ಡಿಯಿಲ್ಲ. ನಟರಿಗಾಗಿ ಕೂತಿದ್ದರೆ ಆ ಗುಂಡಿಯ ತಂಟೆಗೆ ಹೋಗಬೇಡಿ.

ನಟರ ಹೆಸರಿನಲ್ಲಿ ಹುಡುಕುವುದು

ಇಲ್ಲಿ ನೆಟ್‌ಫ್ಲಿಕ್ಸ್‌ಗೆ ಪೂರ್ತಿ ಅಂಕ ಕೊಡಲಾಗದು. ಹುಡುಕುವ ಪೆಟ್ಟಿಗೆಯಲ್ಲಿ ನಟರ ಹೆಸರು ಕೊಟ್ಟರೆ ಅವರ ಧಾರಾವಾಹಿಗಳು ಬರುತ್ತವೆ, ಬ್ರೌಸರ್‌ನಲ್ಲಿ ವಿವರ ಪುಟದ ಪಾತ್ರವರ್ಗದ ಹೆಸರನ್ನು ಒತ್ತಿದರೂ ಬರುತ್ತವೆ. ಆದರೆ ಸಾಲು ಬರಬರುತ್ತಾ "ಇಂಥದ್ದೇ ಇನ್ನಷ್ಟು" ಎಂಬ ಬಗೆಯ ಶಿಫಾರಸಿಗೆ ಜಾರುತ್ತದೆ, ಎಲ್ಲಿ ಆ ನಟರ ಪಟ್ಟಿ ಮುಗಿಯಿತು, ಎಲ್ಲಿ ಶಿಫಾರಸು ಶುರುವಾಯಿತು ಎಂಬ ಗೆರೆ ಕಾಣುವುದಿಲ್ಲ. ಮುಖ್ಯ ಪಾತ್ರವೋ, ಎರಡು ನಿಮಿಷ ಬಂದು ಹೋಗುವ ಅತಿಥಿ ಪಾತ್ರವೋ ಎಂಬುದನ್ನೂ ಹೇಳುವುದಿಲ್ಲ. ಮೆಚ್ಚಿನ ನಟರನ್ನು ಫಾಲೋ ಮಾಡಿ, ಹೊಸದು ಬಂದಾಗ ತಿಳಿಸು ಎನ್ನುವ ಗುಂಡಿಯೂ ಇಲ್ಲ. ಇರುವುದು ಧಾರಾವಾಹಿಗೊಂದು "ರಿಮೈಂಡ್ ಮಿ" ಮಾತ್ರ.

ಹಾಗಾಗಿ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಬೇಕು. ನಟರ ಪೂರ್ತಿ ಪಟ್ಟಿಗೆ ಐಎಂಡಿಬಿ ಜಾಲತಾಣ, ಏಷ್ಯಾದ ಧಾರಾವಾಹಿಗಳಾದರೆ ಮೈಡ್ರಾಮಾಲಿಸ್ಟ್. ಎರಡನೆಯದರಲ್ಲಿ ಪ್ರತಿ ಧಾರಾವಾಹಿಯ ಪಕ್ಕ ಮುಖ್ಯ ಪಾತ್ರ, ಪೋಷಕ ಪಾತ್ರ, ಅತಿಥಿ ಪಾತ್ರ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಅದು ನಿಮ್ಮ ದೇಶದಲ್ಲಿ ಯಾವ ಸೇವೆಯಲ್ಲಿದೆ ಎಂದು ತಿಳಿಯಲು ಜಸ್ಟ್‌ವಾಚ್. ಆಮೇಲೆ ನೆಟ್‌ಫ್ಲಿಕ್ಸ್‌ಗೆ ಬಂದು ಧಾರಾವಾಹಿಯ ಹೆಸರಿನಿಂದಲೇ ಹುಡುಕಿ. ಪ್ರಸಾರದ ಹಕ್ಕು ದೇಶಕ್ಕೊಂದು ರೀತಿ ಇರುವುದರಿಂದ, ಗೆಳೆಯರು ಹೇಳಿದ್ದೆಲ್ಲ ನಿಮಗೂ ಸಿಗುತ್ತದೆ ಎಂದುಕೊಳ್ಳಬೇಡಿ.

ಹೆಸರಿನ ಗೊಂದಲ ಇನ್ನೊಂದು. ಕೊರಿಯನ್ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೀತಿ ಒಂದೇ ಇಲ್ಲ. ಮೇಲಾಗಿ ಕೆಲವರಿಗೆ ಎರಡು ಹೆಸರು: ಗಾಯಕಿಯಾಗಿ ಐಯು ಎಂದು ಹೆಸರಾದವರು ಕೆಲವು ಧಾರಾವಾಹಿಗಳಲ್ಲಿ ನಿಜನಾಮ ಲೀ ಜಿ ಉನ್ ಎಂದೇ ಇದ್ದಾರೆ. ಎರಡೂ ಹೆಸರು ಕೊಟ್ಟು ಹುಡುಕದಿದ್ದರೆ 'ಮೈ ಮಿಸ್ಟರ್' (2018) ಕಣ್ತಪ್ಪಿ ಹೋಗಬಹುದು, ಹೋದರೆ ನಷ್ಟ ನಿಮ್ಮದೇ. ಅವರ ಅಭಿನಯವನ್ನು ಅಳೆಯಲು ಅದನ್ನು ಮೊದಲು ನೋಡಿ, ಆಮೇಲೆ 2025ರ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಹಾಕಬೇಕು. ಎರಡಕ್ಕೂ 16 ಕಂತು. ಮೊದಲನೆಯದರಲ್ಲಿ ಮಾತು ಕಡಿಮೆಯ, ಭಾವನೆಯನ್ನು ಮುಖದಲ್ಲಿ ತೋರಗೊಡದ ಹುಡುಗಿ. ಎರಡನೆಯದರಲ್ಲಿ ತಾಯಿಯ ಯೌವನವೂ ಅವರದೇ, ಮಗಳ ಪಾತ್ರವೂ ಅವರದೇ, ಮಧ್ಯವಯಸ್ಸಿನ ತಾಯಿಯಾಗಿ ಮೂನ್ ಸೋ ರಿ ಬರುತ್ತಾರೆ. ಒಂದೇ ಹೆಂಗಸನ್ನು ಇಬ್ಬರು ನಟಿಯರು, ಒಬ್ಬಳೇ ನಟಿ ಇಬ್ಬರು ಹೆಂಗಸರನ್ನು ಆಡುವುದನ್ನು ಅಕ್ಕಪಕ್ಕದಲ್ಲಿ ನೋಡುವ ಅವಕಾಶ ದಿನಾ ಸಿಗುವಂಥದ್ದಲ್ಲ.

ಇಂಥ ಹೋಲಿಕೆಯ ರುಚಿ ಹತ್ತಿದವರಿಗೆ 'ದಿ ಕ್ರೌನ್' (2016–2023) ಇನ್ನೂ ದೊಡ್ಡ ಬುತ್ತಿ. 6 ಸೀಸನ್, 60 ಕಂತು. ಎರಡೆರಡು ಸೀಸನ್‌ಗೆ ಒಬ್ಬರಂತೆ ರಾಣಿ ಎಲಿಜಬೆತ್ ಆಗಿ ಕ್ಲೇರ್ ಫಾಯ್, ಒಲಿವಿಯಾ ಕೋಲ್ಮನ್, ಇಮೆಲ್ಡಾ ಸ್ಟಾಂಟನ್. 60 ಕಂತಿಗೆ ಸಮಯವಿಲ್ಲದಿದ್ದರೆ ಎರಡನೇ ಸೀಸನ್‌ನ ಕೊನೆಯ ಕಂತು ಮತ್ತು ಮೂರನೆಯದರ ಮೊದಲ ಕಂತನ್ನು ಬೆನ್ನುಬೆನ್ನಿಗೆ ನೋಡಿ. ನಿಲುವು, ಕತ್ತು ತಿರುಗಿಸುವ ರೀತಿ, ವಾಕ್ಯದ ಕೊನೆಯನ್ನು ನುಂಗುವ ರೀತಿ ಒಬ್ಬರಿಂದ ಒಬ್ಬರಿಗೆ ಹೇಗೆ ದಾಟಿದೆ ಎಂಬುದು ಆ ಎರಡು ಕಂತಿನಲ್ಲೇ ಸಿಗುತ್ತದೆ.

ಸಬ್‌ಟೈಟಲ್: ಎರಡು ಇಂಗ್ಲಿಷ್ ಏಕೆ?

ಪರಭಾಷೆಯ ಧಾರಾವಾಹಿಯ ಆಡಿಯೊ ಪಟ್ಟಿಯಲ್ಲಿ "ಒರಿಜಿನಲ್" ಎಂದು ಗುರುತು ಇರುವ ಭಾಷೆಯನ್ನೇ ಆರಿಸಿ. ಪ್ರೊಫೈಲ್‌ನ ಭಾಷೆ ನೋಡಿಕೊಂಡು ಆ್ಯಪ್ ತಾನಾಗಿಯೇ ಡಬ್ ಹಾಕಿಬಿಡುವುದುಂಟು, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ಡಬ್ಬಿಂಗ್ ಕಲಾವಿದರ ಬಗ್ಗೆ ಅಗೌರವವಿಲ್ಲ, ಆದರೆ ನಟನೆಯಲ್ಲಿ ಅರ್ಧ ಭಾಗ ಧ್ವನಿ. ಕೊರಿಯನ್ ಧಾರಾವಾಹಿ 'ಸ್ಕ್ವಿಡ್ ಗೇಮ್'ಗಾಗಿ ಲೀ ಜಂಗ್ ಜೇ 2022ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಗೆದ್ದರು. ಡ್ರಾಮಾ ವಿಭಾಗದ ನಾಯಕನಟ ಪ್ರಶಸ್ತಿ ಇಂಗ್ಲಿಷೇತರ ಪಾತ್ರಕ್ಕೆ ಬಂದದ್ದು ಅದೇ ಮೊದಲು. ಡಬ್ ಆವೃತ್ತಿ ನೋಡಿದವರು ಆ ಪ್ರಶಸ್ತಿಗೆ ಅರ್ಹವಾದ ಧ್ವನಿಯನ್ನೇ ಕೇಳಿಲ್ಲ.

ಈಗ ಬಹಳ ಜನ ಎಡವುವ ಜಾಗ. ಸಬ್‌ಟೈಟಲ್ ಪಟ್ಟಿಯಲ್ಲಿ ಇಂಗ್ಲಿಷ್ ಎಂದೂ ಇಂಗ್ಲಿಷ್ ಸಿಸಿ ಎಂದೂ ಎರಡು ಕಾಣಬಹುದು. ಪರಭಾಷೆಯ ಧಾರಾವಾಹಿಗಳಲ್ಲಿ ಸಿಸಿ ಸಾಮಾನ್ಯವಾಗಿ ಇಂಗ್ಲಿಷ್ ಡಬ್‌ನ ಮಾತನ್ನೇ ಬರೆದದ್ದು, ಕಿವಿ ಕೇಳದವರಿಗಾಗಿ ಬಾಗಿಲ ಸದ್ದು, ಸಂಗೀತದ ಸೂಚನೆಯೂ ಅದರಲ್ಲಿರುತ್ತದೆ. ಡಬ್‌ನಲ್ಲಿ ತುಟಿಯ ಚಲನೆಗೆ ಹೊಂದಬೇಕೆಂದು ಮಾತು ತಿದ್ದಿರುತ್ತಾರೆ. ಸಿಸಿ ಇಲ್ಲದ ಇಂಗ್ಲಿಷ್ ಮೂಲ ಸಂಭಾಷಣೆಯ ಅನುವಾದ. 2021ರಲ್ಲಿ 'ಸ್ಕ್ವಿಡ್ ಗೇಮ್'ನ ಅನುವಾದ ಕೆಟ್ಟದ್ದು ಎಂದು ಎದ್ದ ಗದ್ದಲದಲ್ಲಿ ಒಂದು ಪಾಲು ಈ ಎರಡರ ಬೆರಕೆಯಿಂದಲೇ. ಮೂಲ ಧ್ವನಿ ಕೇಳುತ್ತಿದ್ದರೆ ಸಿಸಿ ಇಲ್ಲದ್ದನ್ನೇ ಆರಿಸಿ. ಮೂಲವೇ ಇಂಗ್ಲಿಷ್ ಆಗಿರುವ ಧಾರಾವಾಹಿಗಳಲ್ಲಿ ಮೊದಲು ಸಿಸಿ ಒಂದೇ ಇತ್ತು. 2025ರ ಏಪ್ರಿಲ್‌ನಿಂದ ಹೊಸ ನಿರ್ಮಾಣಗಳಿಗೆ ಬರೀ ಮಾತು ಇರುವ ಇಂಗ್ಲಿಷ್ ಸಬ್‌ಟೈಟಲ್ ಕೊಡುತ್ತಿದ್ದಾರೆ. ಭಯದ ದೃಶ್ಯದಲ್ಲಿ "ಸಂಗೀತ ತೀವ್ರವಾಗುತ್ತದೆ" ಎಂದು ಮೊದಲೇ ಓದಿಸಿ ರಸಭಂಗ ಮಾಡುವ ಕಾಟ ಇದರಿಂದ ತಪ್ಪಿದೆ.

ಅನುವಾದ ಎಷ್ಟೇ ಒಳ್ಳೆಯದಿದ್ದರೂ ಅದಕ್ಕೊಂದು ಕಟ್ಟು ಇದೆ. ನೆಟ್‌ಫ್ಲಿಕ್ಸ್‌ನ ನಿಯಮದಂತೆ ಇಂಗ್ಲಿಷ್ ಸಬ್‌ಟೈಟಲ್ ಒಂದು ಸಾಲಿಗೆ 42 ಅಕ್ಷರ, ಗರಿಷ್ಠ ಎರಡು ಸಾಲು, ಒಂದು ಸಲಕ್ಕೆ 7 ಸೆಕೆಂಡ್ ಮೀರುವಂತಿಲ್ಲ. ಪಟಪಟ ಜಗಳವಾಡುವ ದೃಶ್ಯದಲ್ಲಿ ಮಾತು ಕತ್ತರಿಸದೆ ಗತ್ಯಂತರವಿಲ್ಲ. ಕೊರಿಯನ್‌ನಲ್ಲಿ ವಯಸ್ಸು, ಸಲುಗೆ, ಹುದ್ದೆಗೆ ತಕ್ಕಂತೆ ಬದಲಾಗುವ ಸಂಬೋಧನೆಗಳ ಜಾಗದಲ್ಲಿ ಬಹುಪಾಲು ಬರೀ ಹೆಸರು ಬರುತ್ತದೆ. ಪಾತ್ರವೊಂದು ಮೊದಲ ಸಲ ಬಹುವಚನ ಬಿಟ್ಟು ಏಕವಚನಕ್ಕೆ ಇಳಿದದ್ದು ತೆರೆಯ ಮೇಲಿನ ಅಕ್ಷರದಲ್ಲಿ ಕಾಣದೆ ಎದುರಿನವರ ಮುಖದಲ್ಲಿ ಕಾಣುತ್ತದೆ. ಅದಕ್ಕೇ ಸಬ್‌ಟೈಟಲ್ ಬೇಗ ಓದಿ ಮುಗಿಸುವಂತಿರಬೇಕು. ಬ್ರೌಸರ್‌ನಲ್ಲಿ ಅಕೌಂಟ್ ತೆರೆದು, ನಿಮ್ಮ ಪ್ರೊಫೈಲ್ ಆರಿಸಿ, "ಸಬ್‌ಟೈಟಲ್ ಅಪಿಯರೆನ್ಸ್"ಗೆ ಹೋಗಿ. ಗಾತ್ರ ಮಧ್ಯಮ, ನೆರಳು ಡ್ರಾಪ್ ಶ್ಯಾಡೊ, ಹಿನ್ನೆಲೆ ಬಣ್ಣ ಇಲ್ಲ. ಎಚ್‌ಡಿಆರ್ (ಬೆಳಕು ಕತ್ತಲಿನ ಅಂತರವನ್ನು ಹೆಚ್ಚಾಗಿ ತೋರಿಸುವ) ಚಿತ್ರದಲ್ಲಿ ಬಿಳಿ ಅಕ್ಷರ ಕಣ್ಣು ಕುಕ್ಕುವುದರಿಂದ, ಕತ್ತಲ ಕೋಣೆಯಲ್ಲಿ ನೋಡುವವರು ಹಳದಿಗೆ ಬದಲಿಸಿದರೆ ಕಣ್ಣಿಗೆ ಹಿತ. ಬದಲಾವಣೆ ಟಿವಿಯಲ್ಲಿ ಕಾಣದಿದ್ದರೆ ಪ್ರೊಫೈಲ್‌ನಿಂದ ಹೊರಬಂದು ಮತ್ತೆ ಒಳಗೆ ಹೋಗಿ.

ಕಂತಿನ ಕೊನೆಯನ್ನು ಉಳಿಸಿಕೊಳ್ಳುವುದು

ಕಂತು ಮುಗಿಯುತ್ತಿದ್ದಂತೆ ಚಿತ್ರ ಕುಗ್ಗಿ, ಕೆಲವೇ ಸೆಕೆಂಡಿನಲ್ಲಿ ಮುಂದಿನದು ಶುರು. ಅಳು ಇನ್ನೂ ಗಂಟಲಲ್ಲಿರುವಾಗ ಹೊಸ ಕಂತಿನ ಟೈಟಲ್ ಬಂದಿರುತ್ತದೆ. ಕೊರಿಯನ್ ಧಾರಾವಾಹಿಗಳಲ್ಲಿ ಇದರಿಂದ ನಿಜವಾದ ನಷ್ಟವೂ ಇದೆ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು'ನಂಥ ಧಾರಾವಾಹಿಗಳಲ್ಲಿ ಕಂತಿನ ಕೊನೆಗೆ ಒಂದು ಚಿಕ್ಕ ಉಪಸಂಹಾರ ಇರುತ್ತದೆ. ಮುಖ್ಯ ಕಥೆಯಲ್ಲಿ ಹೇಳದೆ ಬಿಟ್ಟ ಒಂದು ನೋಟ, ಹಳೆಯ ಒಂದು ಭೇಟಿ ಅಲ್ಲಿ ಸಿಗುತ್ತದೆ. ಮುಂದಿನ ಕಂತು ತಾನಾಗಿ ಹಾರಿದರೆ ಅದು ಕೈತಪ್ಪುವ ಸಾಧ್ಯತೆ ಇದೆ.

ಪರಿಹಾರ ಒಂದೇ ಸಲ ಮಾಡುವಂಥದ್ದು. ಬ್ರೌಸರ್‌ನಲ್ಲಿ ಅಕೌಂಟ್, ಪ್ರೊಫೈಲ್, "ಪ್ಲೇಬ್ಯಾಕ್ ಸೆಟ್ಟಿಂಗ್ಸ್". ಅಲ್ಲಿ ಎರಡು ಗುರುತುಗಳಿವೆ: ಮುಂದಿನ ಕಂತನ್ನು ತಾನಾಗಿ ಹಾಕುವುದು ಒಂದು, ಪಟ್ಟಿ ನೋಡುವಾಗ ತುಣುಕುಗಳು ತಾವಾಗಿ ಓಡುವುದು ಇನ್ನೊಂದು. ಎರಡನ್ನೂ ತೆಗೆಯಿರಿ. ಎರಡನೆಯದು 2020ರಲ್ಲಿ ಬಂದ ಸೌಲಭ್ಯ, ಅದನ್ನು ತೆಗೆದರೆ ಆ್ಯಪ್ ಮೌನವಾಗುತ್ತದೆ, ಮುಂದಿನ ಸೀಸನ್‌ನಲ್ಲಿ ಯಾರು ಸಾಯುತ್ತಾರೆ ಎಂಬ ದೃಶ್ಯ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಇದು ಪ್ರೊಫೈಲಿಗೆ ಅಂಟಿಕೊಂಡ ಸೆಟ್ಟಿಂಗ್, ಮನೆಯ ಬೇರೆಯವರ ಪ್ರೊಫೈಲ್ ಬದಲಾಗುವುದಿಲ್ಲ. ಹೇಗೂ ಒಂದು ಖಾತೆಗೆ 5 ಪ್ರೊಫೈಲ್ ಇಡಬಹುದಾದ್ದರಿಂದ ಧಾರಾವಾಹಿಗೆಂದೇ ಒಂದನ್ನು ಮೀಸಲಿಟ್ಟರೆ ಶಿಫಾರಸುಗಳೂ ಕಲಬೆರಕೆಯಾಗುವುದಿಲ್ಲ.

ಅರ್ಧಕ್ಕೆ ಬಿಟ್ಟ ಕೆಟ್ಟ ಧಾರಾವಾಹಿ "ಕಂಟಿನ್ಯೂ ವಾಚಿಂಗ್" ಸಾಲಿನಲ್ಲಿ ಹಲ್ಲು ಕಿರಿಯುತ್ತಿದ್ದರೆ ಅಲ್ಲಿಂದಲೇ ತೆಗೆಯಬಹುದು. ಅದರ ನೆರಳು ಶಿಫಾರಸಿನಲ್ಲೂ ಬೀಳಬಾರದೆಂದರೆ "ವ್ಯೂಯಿಂಗ್ ಆ್ಯಕ್ಟಿವಿಟಿ"ಯಲ್ಲಿ ಮರೆಮಾಡಬೇಕು. ಎಲ್ಲ ಸಾಧನಗಳಿಂದ ಮಾಯವಾಗಲು 24 ಗಂಟೆಯವರೆಗೆ ಹಿಡಿಯಬಹುದು.

ಚಿತ್ರ: ತಪ್ಪು ಬಹುಪಾಲು ಟಿವಿಯದು

"ದುಬಾರಿ ಟಿವಿ ತಂದೆವು, ಎಲ್ಲಾ ಅಗ್ಗದ ವಿಡಿಯೊ ಥರ ಕಾಣುತ್ತದೆ" ಎಂಬ ದೂರಿನ ಮೂಲ ಮೋಷನ್ ಸ್ಮೂದಿಂಗ್. ಇಂದಿನ ಧಾರಾವಾಹಿಗಳು ಹೆಚ್ಚಾಗಿ ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಚಿತ್ರೀಕರಣವಾಗುತ್ತವೆ. ಟಿವಿ ಆ ಚೌಕಟ್ಟುಗಳ ನಡುವೆ ತಾನೇ ಊಹಿಸಿದ ಚಿತ್ರಗಳನ್ನು ತುರುಕಿ 60 ಅಥವಾ 120 ಮಾಡುತ್ತದೆ. ಕ್ರೀಡೆಗೆ ಅದು ಸರಿ. ಮುಖದ ಸಮೀಪದೃಶ್ಯದಲ್ಲಿ ಮಾತ್ರ ಚಲನೆ ಎಣ್ಣೆ ಹಚ್ಚಿದಂತೆ ಜಾರುತ್ತದೆ, ತಲೆ ತಿರುಗಿಸಿದಾಗ ಕೂದಲಿನ ಅಂಚಿನಲ್ಲಿ ಚಿತ್ರ ಕದಡುತ್ತದೆ. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಇದನ್ನು ಆಫ್ ಮಾಡಿ ಎಂದು ವಿಡಿಯೊ ಮಾಡಿ ಬೇಡಿಕೊಂಡಿದ್ದರು. ಮರುವರ್ಷ ಟಿವಿ ತಯಾರಕರು, ಸ್ಟುಡಿಯೊಗಳ ಒಕ್ಕೂಟವಾದ ಯುಎಚ್‌ಡಿ ಅಲಯನ್ಸ್, ಇಂಥ ತಿದ್ದುಪಡಿಗಳನ್ನು ನಿಲ್ಲಿಸುವ "ಫಿಲ್ಮ್‌ಮೇಕರ್ ಮೋಡ್" ಪ್ರಕಟಿಸಿತು.

ನಿಮ್ಮ ಟಿವಿಯಲ್ಲಿ ಆ ಮೋಡ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್. ಆಮೇಲೂ ಸ್ಮೂದಿಂಗ್ ಆಫ್ ಆಗಿದೆಯೇ ಎಂದು ಕೈಯಾರೆ ನೋಡಬೇಕು, ಏಕೆಂದರೆ ಒಂದೊಂದು ಕಂಪನಿ ಅದಕ್ಕೆ ಒಂದೊಂದು ನಾಮಕರಣ ಮಾಡಿದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೊ, ಸ್ಯಾಮ್‌ಸಂಗ್‌ನ ಹಳೆಯದರಲ್ಲಿ ಆಟೊ ಮೋಷನ್ ಪ್ಲಸ್, ಹೊಸದರಲ್ಲಿ ಪಿಕ್ಚರ್ ಕ್ಲ್ಯಾರಿಟಿ, ಪ್ಯಾನಸಾನಿಕ್‌ನಲ್ಲಿ ಇಂಟೆಲಿಜೆಂಟ್ ಫ್ರೇಮ್ ಕ್ರಿಯೇಷನ್. ಮುಖ್ಯವಾದ ಮಾತು: ಸಾಮಾನ್ಯ ಚಿತ್ರ, ಎಚ್‌ಡಿಆರ್, ಅದರ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್ ಮೂರಕ್ಕೂ ಟಿವಿ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ. ಒಂದರಲ್ಲಿ ಸ್ಮೂದಿಂಗ್ ಆಫ್ ಮಾಡಿ ನಿಶ್ಚಿಂತರಾದವರು ಡಾಲ್ಬಿ ವಿಷನ್ ಧಾರಾವಾಹಿ ಹಾಕಿದಾಗ ಮತ್ತದೇ ಜಾರುವ ಚಿತ್ರ ನೋಡುತ್ತಿರುತ್ತಾರೆ. ಪ್ರತಿ ಬಗೆಯ ಧಾರಾವಾಹಿ ಓಡುತ್ತಿರುವಾಗಲೇ ಮೆನು ತೆರೆದು ಬದಲಿಸಿ.

ಓಎಲ್‌ಇಡಿ ಟಿವಿಯವರಿಗೆ ಪೂರ್ತಿ ಆಫ್ ಮಾಡಿದರೆ ಕ್ಯಾಮೆರಾ ನಿಧಾನ ಸರಿಯುವಾಗ ಚಿತ್ರ ತಡೆತಡೆದು ಸಾಗಿದಂತೆ ಅನ್ನಿಸಬಹುದು. ಅದರ ಪಿಕ್ಸೆಲ್ ತಕ್ಷಣ ಬದಲಾಗುವುದರಿಂದ 24 ಚೌಕಟ್ಟಿನ ಹೆಜ್ಜೆ ಎದ್ದು ಕಾಣುತ್ತದೆ. ಆಗ ಕಸ್ಟಮ್ ಆಯ್ಕೆಯಲ್ಲಿ ಈ ತಡೆತವನ್ನು ತಗ್ಗಿಸುವ ಡಿ-ಜಡ್ಡರ್ ಅನ್ನು 10ರಲ್ಲಿ 2 ಅಥವಾ 3ಕ್ಕೆ ಇಡಿ, ಮೇಲೆ ಹೋಗಬೇಡಿ. ಹೊರಗಿನ ಸ್ಟ್ರೀಮಿಂಗ್ ಪೆಟ್ಟಿಗೆ ಬಳಸುವವರು ಅದರಲ್ಲಿ ಮೂಲ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯನ್ನು ಹಾಕಿಕೊಳ್ಳಬೇಕು. ಆ್ಯಪಲ್ ಟಿವಿಯಲ್ಲಿ ಅದು "ಮ್ಯಾಚ್ ಕಂಟೆಂಟ್" ಅಡಿಯಲ್ಲಿದೆ. ಇಲ್ಲದಿದ್ದರೆ ಪೆಟ್ಟಿಗೆ 24ನ್ನು 60ಕ್ಕೆ ಎಳೆಯುತ್ತದೆ, ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಕಂಡು ಚಲನೆ ಕುಂಟುತ್ತದೆ.

ಇನ್ನೆರಡು ಶತ್ರುಗಳು ನಾಯ್ಸ್ ರಿಡಕ್ಷನ್ ಮತ್ತು ಶಾರ್ಪ್‌ನೆಸ್. ಮೊದಲನೆಯದು ಚರ್ಮದ ನವಿರು ಗೆರೆಗಳನ್ನು ಕಸವೆಂದು ತಿಳಿದು ಒರೆಸಿಹಾಕುತ್ತದೆ, ಅರವತ್ತು ದಾಟಿದ ನಟಿಯ ಮುಖದಿಂದ ಅವರ ಅರ್ಧ ಅಭಿನಯ ಅಳಿಸಿದಂತೆ. ಪೂರ್ತಿ ಆಫ್ ಮಾಡಿ. ಎರಡನೆಯದನ್ನು ಎಲ್ಲ ಟಿವಿಯಲ್ಲೂ ಸೊನ್ನೆಗೆ ಇಳಿಸಿ ಎಂಬ ಸಲಹೆ ಅರ್ಧ ಸತ್ಯ. ಸ್ಯಾಮ್‌ಸಂಗ್‌ನಲ್ಲಿ 0 ಸರಿ, ಸೋನಿಯಲ್ಲಿ 50 ಅಂದರೆ ಏನೂ ಸೇರಿಸದ ಮಟ್ಟ, ಅದಕ್ಕಿಂತ ಕೆಳಗೆ ಹೋದರೆ ಚಿತ್ರ ಮಸುಕು. ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ಸೆನ್ಸರ್ ಕೂಡ ರಾತ್ರಿಯ ದೃಶ್ಯಗಳನ್ನು ಹಾಳುಮಾಡುತ್ತದೆ. 55 ಇಂಚಿನ ಟಿವಿಗೆ 2.3 ಮೀಟರ್ ದೂರ ಹಿತಕರ, ಅದರಿಂದಾಚೆ ಕೂತರೆ 4ಕೆ ಚಂದಾಕ್ಕೆ ಕೊಟ್ಟ ಹೆಚ್ಚುವರಿ ಹಣ ಕಣ್ಣಿಗೆ ಕಾಣುವುದಿಲ್ಲ.

ಮಾತು ಕೇಳಿಸದಿರುವುದು

ಪಿಸುಮಾತಿಗೆ ವಾಲ್ಯೂಮ್ ಏರಿಸಿ, ಗುಂಡಿನ ಸದ್ದಿಗೆ ರಿಮೋಟ್ ಹುಡುಕುವ ಆಟ ಎಲ್ಲರಿಗೂ ಗೊತ್ತು. ಕಾರಣ ಸರಳ. ನೆಟ್‌ಫ್ಲಿಕ್ಸ್ ತನಗೆ ಬರುವ ಧಾರಾವಾಹಿಯ ಧ್ವನಿಮಟ್ಟವನ್ನು ಮಾತಿನ ಆಧಾರದ ಮೇಲೆ ಅಳೆಯುತ್ತದೆ: ಸರಾಸರಿ -27 ಎಲ್‌ಕೆಎಫ್‌ಎಸ್ (ಧ್ವನಿಮಟ್ಟದ ಮಾನ), ಆಚೀಚೆ 2. ಮಾತು ಒಂದು ಮಟ್ಟದಲ್ಲಿ ನಿಂತು, ಅದರ ಮೇಲೆ ಸಂಗೀತ, ಸದ್ದುಗಳಿಗೆ ಏರಲು ಬೇಕಾದಷ್ಟು ಜಾಗ ಇರುತ್ತದೆ. ಆರು ಸ್ಪೀಕರ್‌ಗಳ 5.1 ವ್ಯವಸ್ಥೆಯಲ್ಲಿ ಮಾತಿಗೆ ನಡುವಿನ ಸ್ಪೀಕರ್ ಮೀಸಲು, ಹಾಗಾಗಿ ಸ್ಪಷ್ಟ. ಟಿವಿಯ ಎರಡು ಪುಟಾಣಿ ಸ್ಪೀಕರ್‌ಗೆ ಅದನ್ನು ಮಡಚಿದಾಗ ಮಾತು, ಮಳೆ, ಪಿಟೀಲು ಎಲ್ಲವೂ ಒಂದೇ ಬಾಯಿಂದ ಬರಬೇಕು.

ಸೌಂಡ್‌ಬಾರ್ ಕೊಳ್ಳುವುದಾದರೆ ನಡುವೆ ಪ್ರತ್ಯೇಕ ಸ್ಪೀಕರ್ ಇರುವುದನ್ನು, ಅಂದರೆ 3.1 ಅಥವಾ ಮೇಲಿನದನ್ನು ಕೊಳ್ಳಿ. 2.1 ಎಷ್ಟೇ ಗುಡುಗಿದರೂ ಮಾತಿಗೆ ಪ್ರಯೋಜನ ಕಡಿಮೆ. ಕೊಂಡ ಮೇಲೆ ನಡುವಿನ ಸ್ಪೀಕರನ್ನು 2ರಿಂದ 3 ಡೆಸಿಬೆಲ್ ಏರಿಸಿ. ಸ್ಪೀಕರ್ ಕೊಳ್ಳುವ ಮನಸ್ಸಿಲ್ಲದವರು ಆಡಿಯೊ ಪಟ್ಟಿಯಲ್ಲಿ 5.1 ಎಂದಿಲ್ಲದ ಅದೇ ಭಾಷೆಯ ಆಯ್ಕೆ ಇದ್ದರೆ ಅದನ್ನು ಹಾಕಿ, ಜೋರು ಸದ್ದನ್ನು ತಗ್ಗಿಸುವ ಟಿವಿಯ ನೈಟ್ ಮೋಡ್ ಬಳಸಿ. ಕ್ಲಿಯರ್ ವಾಯ್ಸ್ ಎಂಬ ಆಯ್ಕೆ ಕೊನೆಯ ಅಸ್ತ್ರವಾಗಿರಲಿ. ಅದು ಮಾತನ್ನು ಮುಂದೆ ತರುತ್ತದೆ, ಧ್ವನಿಯ ತುಂಬುತನವನ್ನು ಕಿತ್ತುಕೊಳ್ಳುತ್ತದೆ.

ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದರೆ ಅದು ಹೆಚ್ಚಾಗಿ ಬ್ಲೂಟೂತ್‌ನ ಕೆಲಸ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ 0.2 ಸೆಕೆಂಡಿನ ಆಸುಪಾಸು ತಡ ಇರುತ್ತದೆ. ಫೋನ್ ಅದನ್ನು ಲೆಕ್ಕಕ್ಕೆ ಹಿಡಿದು ಚಿತ್ರವನ್ನೂ ತಡೆಹಿಡಿಯುತ್ತದೆ, ಎಲ್ಲ ಟಿವಿಗಳೂ ಹಾಗೆ ಮಾಡುವುದಿಲ್ಲ. ಸೌಂಡ್‌ಬಾರ್‌ನ ಡಿಲೇ ಆಯ್ಕೆ ಧ್ವನಿಯನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು ಬೇಗ ತರಲಾರದು, ಆದ್ದರಿಂದ ಇಲ್ಲಿ ಅದನ್ನು ತಿರುಗಿಸುತ್ತಾ ಕೂರಬೇಡಿ. ತಂತಿಯ ಸಂಪರ್ಕಕ್ಕೆ ಬನ್ನಿ, ಟಿವಿಯ ಡಿಜಿಟಲ್ ಔಟ್‌ಪುಟ್ ಅನ್ನು ಪಾಸ್‌ಥ್ರೂಗೆ (ಧ್ವನಿಯನ್ನು ಬದಲಿಸದೆ ಹಾಗೇ ಕಳಿಸುವ ಆಯ್ಕೆ) ಇಡಿ.

ಇಂಟರ್ನೆಟ್, ಡೌನ್‌ಲೋಡ್

ಪೂರ್ಣ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಬೇಕೆಂದು ಕಂಪನಿಯೇ ಹೇಳುತ್ತದೆ. ಗಂಟೆಗೆ ಖರ್ಚಾಗುವ ಡೇಟಾ ಎಚ್‌ಡಿಯಲ್ಲಿ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ. 20 ಗಂಟೆಯ ಧಾರಾವಾಹಿಗೆ ಕ್ರಮವಾಗಿ 60 ಮತ್ತು 140 ಜಿಬಿ, ಮಿತಿಯಿರುವ ಸಂಪರ್ಕದವರು ಎಚ್ಚರ. 4ಕೆ ಮತ್ತು ಎಚ್‌ಡಿಆರ್ ಪ್ರೀಮಿಯಂ ಚಂದಾದಲ್ಲಿ ಮಾತ್ರ. ಕಂಪ್ಯೂಟರ್‌ನಲ್ಲಿ ನೋಡುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್, ಡಿ ಒಟ್ಟಿಗೆ ಒತ್ತಿದರೆ ಎಷ್ಟು ರೆಸಲ್ಯೂಷನ್ ಬರುತ್ತಿದೆ ಎಂದು ತೆರೆಯ ಮೇಲೆ ಮೂಡುತ್ತದೆ. ಆಂಡ್ರಾಯ್ಡ್ ಫೋನ್‌ನಲ್ಲಿ ಚಿತ್ರ ಸದಾ ಮಸುಕಾಗಿದ್ದರೆ ಆ್ಯಪ್ ಸೆಟ್ಟಿಂಗ್ಸ್‌ನ "ಪ್ಲೇಬ್ಯಾಕ್ ಸ್ಪೆಸಿಫಿಕೇಷನ್" ನೋಡಿ. ನಕಲು ತಡೆಯುವ ವ್ಯವಸ್ಥೆಯಾದ ವೈಡ್‌ವೈನ್‌ನ ಮಟ್ಟ ಎಲ್1 ಇರಬೇಕು. ಎಲ್3 ಎಂದಿದ್ದರೆ ಇಂಟರ್ನೆಟ್ ಎಷ್ಟೇ ವೇಗವಿದ್ದರೂ ಎಚ್‌ಡಿ ಬರುವುದಿಲ್ಲ.

ಪ್ರಯಾಣಕ್ಕೆ ಫೋನ್ ಅಥವಾ ಟ್ಯಾಬ್ಲೆಟ್‌ಗೆ ಇಳಿಸಿಕೊಳ್ಳಿ. ವಿಂಡೋಸ್ ಆ್ಯಪ್‌ನಿಂದ ಡೌನ್‌ಲೋಡ್ ಸೌಲಭ್ಯವನ್ನು 2024ರಲ್ಲಿ ತೆಗೆದರು, ಲ್ಯಾಪ್‌ಟಾಪ್ ನಂಬಿ ಹೊರಟವರಿಗೆ ಇದು ದೊಡ್ಡ ಹೊಡೆತ, ಸಮರ್ಥನೆಯೂ ಇಲ್ಲದ್ದು. ಇಳಿಸಿದ್ದಕ್ಕೂ ಆಯುಸ್ಸಿದೆ: ಕೆಲವು ಧಾರಾವಾಹಿಗಳಿಗೆ 7 ದಿನ, ಕೆಲವಕ್ಕೆ ಪ್ಲೇ ಒತ್ತಿದ ಕ್ಷಣದಿಂದ 48 ಗಂಟೆ. ಹಾಗಾಗಿ ಹೊರಡುವ ಮುಂಚೆ "ಸರಿಯಾಗಿ ಇಳಿದಿದೆಯೇ ನೋಡೋಣ" ಎಂದು ಪ್ರತಿ ಕಂತನ್ನೂ ಒತ್ತಿ ನೋಡಬೇಡಿ. ಸ್ಮಾರ್ಟ್ ಡೌನ್‌ಲೋಡ್ಸ್ ಹಾಕಿದ್ದರೆ ನೋಡಿ ಮುಗಿಸಿದ ಕಂತು ಅಳಿಸಿಹೋಗಿ ಮುಂದಿನದು ವೈಫೈ ಸಿಕ್ಕಾಗ ಇಳಿಯುತ್ತದೆ. ಒಂದೇ ಕಂತನ್ನು ಮತ್ತೆ ನೋಡುವ ಅಭ್ಯಾಸವಿದ್ದರೆ ಈ ಸೌಲಭ್ಯವನ್ನು ಆಫ್ ಮಾಡಿಟ್ಟುಕೊಳ್ಳಿ. ಧಾರಾವಾಹಿ ಶುರುಮಾಡುವ ಮುಂಚೆ ವಿವರ ಪುಟದಲ್ಲಿ ತೆಗೆದುಹಾಕುವ ದಿನಾಂಕ ಇದೆಯೇ ಎಂದೂ ಕಣ್ಣಾಡಿಸಿ. 30 ದಿನದೊಳಗೆ ಹೊರಡುವಂಥದ್ದಾದರೆ ಅಲ್ಲಿ ತೋರಿಸುತ್ತದೆ, 14ನೇ ಕಂತಿಗೆ ಬಂದು ಧಾರಾವಾಹಿಯೇ ಕಾಣೆಯಾದರೆ ಯಾರನ್ನೂ ಬೈಯುವಂತಿಲ್ಲ.

ತಂಗಿದ ಕಡೆಯ ಟಿವಿಯಲ್ಲಿ ಲಾಗಿನ್ ಆಗಿದ್ದು ಮರೆತು ಬಂದಿದ್ದರೆ, ಫೋನಿನಿಂದಲೇ ಅಕೌಂಟ್ ತೆರೆದು "ಮ್ಯಾನೇಜ್ ಆ್ಯಕ್ಸೆಸ್ ಆ್ಯಂಡ್ ಡಿವೈಸಸ್"ನಲ್ಲಿ ಆ ಟಿವಿಯನ್ನು ಹೊರಹಾಕಿ. ರಜೆ ಮುಗಿದ ಮೇಲೆ ಚಂದಾ ರದ್ದು ಮಾಡುವುದಾದರೆ ಯಾವ ದಿನ ರದ್ದು ಮಾಡಿದರೂ ಪಾವತಿಸಿದ ತಿಂಗಳು ಮುಗಿಯುವವರೆಗೆ ನೋಡಬಹುದು, ಕೊನೆಯ ದಿನಕ್ಕೆ ಕಾಯಬೇಕಿಲ್ಲ. ಅದಕ್ಕೂ ಮೊದಲು "ವ್ಯೂಯಿಂಗ್ ಆ್ಯಕ್ಟಿವಿಟಿ" ಪುಟದ ಅಡಿಯಲ್ಲಿರುವ "ಡೌನ್‌ಲೋಡ್ ಆಲ್" ಒತ್ತಿ. ಯಾವ ಕಂತನ್ನು ಯಾವ ದಿನ ನೋಡಿದಿರಿ ಎಂಬ ಪೂರ್ತಿ ಪಟ್ಟಿ ಸ್ಪ್ರೆಡ್‌ಶೀಟ್ ಆಗಿ ಇಳಿಯುತ್ತದೆ.